ಎರಡನೇ ನಂಬರಿನ ಎಂಜಿನ್

ಬಳ್ಳಾರಿ–ಕುರುಗೋಡು–ಸಿರುಗುಪ್ಪ ರೈಲ್ವೆ
ಪ್ರಧಾನ ಕಚೇರಿ: ನಮ್ಮ ಮನೆಯ ಅಟ್ಟ, ಕುರುಗೋಡು
3 ಜುಲೈ 1983

ಇವರಿಗೆ: ಶ್ರೀಮಾನ್ ಶೇಕ್ಷಾವಲಿ ಸಾಹೇಬರು, ಮುಖ್ಯ ವಿದ್ಯುತ್ ಅಧಿಕಾರಿಗಳು, ಸಿರುಗುಪ್ಪ
ವಿಷಯ: ತಮ್ಮ ಸೋಮಾರಿತನವನ್ನು ಕುರಿತು

ಮಹಾಶಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಬ್ರಿಟಿಷರು ಹಾಕದ, ಸ್ವರಾಜ್ಯ ಬಂದ ಮೇಲೂ ಯಾರೂ ಹಾಕದ ನಮ್ಮ ರೈಲುಮಾರ್ಗ ನಿನ್ನೆ ಊಟದ ಹೊತ್ತಿಗೆ ಸರಿಯಾಗಿ ಸಿರುಗುಪ್ಪ ಮುಟ್ಟಿತು. ಬಳ್ಳಾರಿ ಸ್ಟೇಷನ್ನು ಅಟ್ಟದ ಬಾಗಿಲ ಹತ್ತಿರ ಇದೆ. ಗುಡ್ಡದ ಬದಲಿಗೆ ಅವ್ವನ ಒಡೆದ ಗಡಿಗೆಯನ್ನು ಬೋರಲು ಹಾಕಿದ್ದೇನೆ. ನಡುವೆ ಕುರುಗೋಡು, ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲಲು ಅಲ್ಲಿ ಎರಡನೇ ಹಳಿ ಹಾಕಿದ್ದೇನೆ. ಸಿರುಗುಪ್ಪ ಗೋಡೆಯ ಮೂಲೆಗೆ ಬಂದಿದೆ. ತಮ್ಮೂರಿನ ಘನತೆಗೆ ಕುಂದು ಬಾರದಿರಲೆಂದು ಅಲ್ಲಿನ ಜೇಡರ ಬಲೆಯನ್ನು ಹಾಗೇ ಬಿಟ್ಟಿದ್ದೇನೆ.

ಅವ್ವ ಏಣಿ ಹತ್ತಿ ಬಂದು ನೋಡಿದಳು. "ಡಿಪ್ಲೊಮಾ ಓದಿಸಿದ್ದು ಅಟ್ಟದಾಗ ಕುಂತು ಆಟ ಆಡಾಕೇನಲೇ? ಮೆಣಸಿನಕಾಯಿ ಎಲ್ಲಿ ಹಾಕ್ಲಿ ನಾನು?" ಎಂದಳು. "ಸದರಿ ಜಾಗ ರೈಲ್ವೆ ಇಲಾಖೆಯ ವಶದಲ್ಲಿದೆ" ಎಂದೆ. ಮೆಣಸಿನಕಾಯಿ ಚೀಲವನ್ನು ತಂದು ಕುರುಗೋಡು ಸ್ಟೇಷನ್ನಿನ ಮೇಲೇ ಒಗೆದಳು. ಆಗಿನಿಂದ ಜನರಲ್ ಮ್ಯಾನೇಜರು ಸೀನುತ್ತಲೇ ಆಡಳಿತ ನಡೆಸುತ್ತಿದ್ದಾರೆ.

ಈಗ ಕೊರತೆ ಇರುವುದು ತಮ್ಮದೊಂದೇ. ತಮ್ಮ ಭಾವ ಕುವೈತಿನಿಂದ ತಂದ ಎರಡು ಆಟಿಕೆ ಎಂಜಿನ್ನುಗಳೂ ನನ್ನ ಮುಂದೆ ನಿಂತಿವೆ. ಕರೆಂಟು ಕೊಟ್ಟರೆ ಎರಡೂ ಕುರಿಗಳ ಹಾಗೆ ಒಟ್ಟಿಗೇ ಓಡುತ್ತವೆ, ತೆಗೆದರೆ ಒಟ್ಟಿಗೇ ನಿಲ್ಲುತ್ತವೆ. ಒಂದನ್ನು ನಿಲ್ಲಿಸಿ, ಅದೇ ಹಳಿಯ ಮೇಲೆ ಇನ್ನೊಂದನ್ನು ಓಡಿಸುವ ವಿದ್ಯೆ ಆ ಲಂಡನ್ ಪತ್ರಿಕೆಯಲ್ಲಿದೆ ಎಂದವನು ನೀನು. ಬ್ರೂಸ್‌ಪೇಟೆಯ ರದ್ದಿ ಅಂಗಡಿಯಲ್ಲಿ ಅದು ಸಿಕ್ಕಾಗ ನನಗೆ ಮೇಲಿನ ಚಿತ್ರ ಮಾತ್ರ ಅರ್ಥವಾಗಿತ್ತು. ಒಳಗಿನದು ಅರ್ಥವಾದ ಪಾಪಕ್ಕೆ ಆ ವಿದ್ಯೆಯ ಪೆಟ್ಟಿಗೆ ಮಾಡುವ ಶಿಕ್ಷೆ ನಿನಗೆ.

ಬೇಗ ಮಾಡು. ರೈಲು ಹೋರಾಟ ಸಮಿತಿಯ ಅಧ್ಯಕ್ಷರಾದ ನಿಮ್ಮ ರೈಸ್ ಮಿಲ್ ದೊಡ್ಡಬಸಪ್ಪನವರು ಮೊನ್ನೆ ಬಂದು ಅಟ್ಟ ಹತ್ತಿದ್ದರು. ಮುಂದಿನ ತಿಂಗಳು ಯಾರೋ ದೊಡ್ಡ ರೈಲ್ವೆ ಸಾಹೇಬರು ಬಳ್ಳಾರಿಗೆ ಬರುತ್ತಾರಂತೆ. ಅವರ ಮುಂದೆ ನಮ್ಮ ರೈಲು ಓಡಬೇಕಂತೆ. ಅವರ ಭತ್ತಕ್ಕೆ ರೈಲು ಬೇಕು, ನಮ್ಮ ರೈಲಿಗೆ ಅವರು ಬೇಕು.

ಅಪ್ಪಣೆಯ ಮೇರೆಗೆ,
ಗವಿಸಿದ್ದಪ್ಪ
ಜನರಲ್ ಮ್ಯಾನೇಜರ್ (ಸಂಬಳವಿಲ್ಲದ)

*

ಸಿರುಗುಪ್ಪ
19 ಜುಲೈ 1983

ಲೇ ಗವಿ,

ನಿನ್ನ ಸುತ್ತೋಲೆ ಮುಟ್ಟಿತು. ಪೋಸ್ಟಿನ ಪಕ್ಕೀರಪ್ಪ ಅದನ್ನು ಪ್ರಸಾದ ತಂದಂತೆ ಎರಡೂ ಕೈಯಲ್ಲಿ ಹಿಡಿದು ತಂದ. "ರೈಲ್ವೆದ್ದು ಬಂದೈತಿ, ನೌಕರಿ ಸಿಕ್ತೇನಪ್ಪ?" ಎಂದು ಕೇಳಿದ. ಅಮ್ಮಿ ಅರ್ಧ ತಾಸು ಖುಷಿಯಾಗಿದ್ದಳು. ಆಮೇಲೆ ನಾನು ಓದಿ ಹೇಳಿದೆ. ನಿನಗೆ ಎರಡು ಬೈಗುಳ ಬಾಕಿ ಇವೆ, ಬಂದಾಗ ತೆಗೆದುಕೋ.

ಪೆಟ್ಟಿಗೆ ಮುಗಿಯಿತು. ಕೆಲಸ ಮಾಡುತ್ತದೆ. ಹಳಿಯಲ್ಲಿ ಕರೆಂಟು ಯಾವಾಗಲೂ ಇರುತ್ತದೆ. ಪೆಟ್ಟಿಗೆ ಆ ಕರೆಂಟಿನಲ್ಲೇ ಮೊದಲು ಒಂದು ನಂಬರು ಕೂಗುತ್ತದೆ, ಅದರ ಬೆನ್ನಿಗೆ ಅಪ್ಪಣೆ: ನಡಿ, ನಿಲ್ಲು, ಮೆಲ್ಲಗೆ. ನೀನು ಬಸ್ಸಿನವನ ಕೈಯಲ್ಲಿ ಕಳಿಸಿದ ಎರಡೂ ಎಂಜಿನ್ನುಗಳ ಹಿಂದಿನ ಡಬ್ಬಿಯಲ್ಲಿ ಒಂದೊಂದು ಸಣ್ಣ ಎಲೆಕ್ಟ್ರಾನಿಕ್ ಚಿಪ್ಪಿನ ಹಲಗೆ ಕೂಡಿಸಿದ್ದೇನೆ. ಕೂಗು ಎರಡಕ್ಕೂ ಕೇಳುತ್ತದೆ, ಆದರೆ ತನ್ನ ನಂಬರು ಬಂದರೆ ಮಾತ್ರ ಅದು ಮೈ ಅಲ್ಲಾಡಿಸುತ್ತದೆ. ಇದನ್ನು ಅಮ್ಮಿಗೆ ವಿವರಿಸಿದೆ. "ಬಜಾರದಾಗ ಶೇಕ್ಷಾ ಅಂತ ಕೂಗಿದ್ರ ನೀ ತಿರುಗಿ ನೋಡ್ತಿ, ಎಮ್ಮಿ ನೋಡಂಗಿಲ್ಲ. ಇಷ್ಟ ಹೌದಿಲ್ಲೋ? ಇದಕ್ಕ ಇಷ್ಟು ದಿನ ಬೇಕಾತೇನು?" ಎಂದಳು.

ನಿನ್ನ ಎಂಜಿನ್ನಿಗೆ ಒಂದನೇ ನಂಬರು, ನನ್ನದಕ್ಕೆ ಎರಡು. ಡಬ್ಬಿಯೊಳಗೆ ಮೂರು ತಂತಿ ಇವೆ, ಅವನ್ನು ಬಿಚ್ಚಿ ಬೇರೆ ಕಡೆ ಬೆಸುಗೆ ಹಾಕಿದರೆ ನಂಬರು ಬದಲಾಗುತ್ತದೆ. ನೀನು ಕೈ ಹಾಕಬೇಡ.

ಒಂದು ಮಾತು, ಇದನ್ನು ತಮಾಷೆ ಎಂದುಕೊಳ್ಳಬೇಡ. ಹಳಿ ಮುಟ್ಟಬೇಡ. ಬೆರಳಿನ ಜಿಡ್ಡು ಅಂಟಿದರೂ ಕೂಗು ಮೇಲೆ ಹತ್ತುವುದಿಲ್ಲ, ಎಂಜಿನ್ನು ಕಿವುಡಾಗಿ ನಿಂತುಬಿಡುತ್ತದೆ. ದಿನಾ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸು. ಯಾರಿಗೂ ಮುಟ್ಟಗೊಡಬೇಡ.

ದೊಡ್ಡಬಸಪ್ಪನವರು ಮಿಲ್ಲಿಗೆ ಕರೆಸಿದ್ದರು. ರೈಲು ಸಾಹೇಬರ ಮುಂದೆ ಸರಿಯಾಗಿ ಓಡಿದರೆ ಬಸ್ ಸ್ಟ್ಯಾಂಡಿನ ಎದುರಿನ ಅವರ ಕೋಣೆಯನ್ನು ನನಗೆ ರೇಡಿಯೋ ಅಂಗಡಿಗೆ ಕೊಡುತ್ತಾರಂತೆ. ಬೋರ್ಡಿನ ಮೇಲೆ ಏನು ಬರೆಸಬೇಕೆಂದು ಆಗಲೇ ಯೋಚಿಸಿಟ್ಟಿದ್ದೇನೆ: ಶಾಮೀದ್ ರೇಡಿಯೋ ವರ್ಕ್ಸ್. ನಿನಗೆ ಗೊತ್ತಲ್ಲ, ಅಬ್ಬಾ ಸಾಯುವ ತನಕ ಈ ಊರಿನಲ್ಲಿ ಜಟಕಾ ಹೊಡೆದರು. ಊರಿಗೆಲ್ಲ ಅವರು ಜಟಕಾ ಅಷ್ಟೇ. "ಏ ಜಟಕಾ" ಎಂದರೆ ಗಾಡಿ, ಕುದುರೆ, ಅಬ್ಬಾ, ಮೂರೂ ತಿರುಗಬೇಕು. ಮಣ್ಣಿಗೆ ಬಂದವರಲ್ಲಿ ಒಬ್ಬರು ನನ್ನ ಮಾಮಾನನ್ನು ಕೇಳಿದರು: "ಜಟಕಾನ ಹೆಸರು ಏನಿತ್ರಿ?" ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹೆಸರನ್ನು ಈ ಊರು ದಿನಕ್ಕೆ ಒಂದು ಸಲವಾದರೂ ಓದಬೇಕು. ನನಗೆ ಬೇಕಾದ್ದು ಅಷ್ಟೇ.

ಅವ್ವಗೆ ನನ್ನ ನಮಸ್ಕಾರ ಹೇಳು. ಮೆಣಸಿನಕಾಯಿ ಚೀಲ ಹಳಿಯಿಂದ ದೂರ ಇಡು.

ನಿನ್ನ
ಶೇಕ್ಷಾ

*

ಅಟ್ಟ, ಕುರುಗೋಡು
10 ಆಗಸ್ಟ್ 1983

ಮುಖ್ಯ ವಿದ್ಯುತ್ ಅಧಿಕಾರಿಗಳಿಗೆ,

ದಿನಾಂಕ ಇಪ್ಪತ್ತೊಂದು, ಭಾನುವಾರ, ಬೆಳಿಗ್ಗೆ, ಬಳ್ಳಾರಿ ಸತ್ಯನಾರಾಯಣಪೇಟೆಯ ಶಾಲೆಯ ಹಾಲ್. ಸಮಿತಿಯವರು ಟೆಂಪೊ ಕಳಿಸುತ್ತಾರೆ. ಹಳಿಯ ಹಲಗೆಗಳ ಮೇಲೆ ಖುದ್ದು ಜನರಲ್ ಮ್ಯಾನೇಜರೇ ಮಲಗಿಕೊಂಡು ಬರುತ್ತಾರೆ. ನೀನು ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೆ ಬಾ.

ಹಳಿಯ ವಿಷಯದಲ್ಲಿ ನಿಶ್ಚಿಂತೆಯಿಂದಿರು. ಸಾಕ್ಷಾತ್ ದೇವರೇ ಇಳಿದು ಬಂದರೂ ಮುಟ್ಟಗೊಡುವುದಿಲ್ಲ. ಇದು ಲಿಖಿತ ವಚನ.

ಬೋರ್ಡಿಗೆ ತಗಡು ಸಿಕ್ಕಿದೆ. ಬರೆಯುವವನು ನಾನೇ. ಹಳದಿಯ ಮೇಲೆ ಕಪ್ಪಕ್ಷರ, ಥೇಟು ರೈಲ್ವೆ ಸ್ಟೇಷನ್ನಿನ ಹಾಗೆ. ನಿಮ್ಮ ಅಬ್ಬಾನ ಹೆಸರನ್ನು ಆಲೂರಿನ ಬಸ್ಸಿನಲ್ಲಿ ಕುಳಿತವನೂ ಓದಬೇಕು, ಅಷ್ಟು ದೊಡ್ಡದಾಗಿ.

ಗವಿಸಿದ್ದಪ್ಪ
ಜನರಲ್ ಮ್ಯಾನೇಜರ್ ಮತ್ತು ಪೇಂಟರ್

*

(ಕಾರ್ಡು)

ಶ್ರೀ ಸ್ಟೇಷನ್ ಮಾಸ್ತರರು,
ನಮಾಜ್ ಹಾಲ್ಟ್,
ಜಟಕಾ ಸ್ಟ್ಯಾಂಡಿನ ಹಿಂದೆ, ಸಿರುಗುಪ್ಪ

ಕುರುಗೋಡು, 24 ಆಗಸ್ಟ್ 1983

ಸನ್ಮಾನ್ಯರೇ,

ಊಟ ಮಾಡದೆ, ಹೇಳದೆ, ಪೆಟ್ಟಿಗೆ ಎತ್ತಿಕೊಂಡು ಬಸ್ ಹತ್ತಿದ ತಮ್ಮ ನಡತೆಗೆ ಇಲಾಖೆ ವಿವರಣೆ ಕೇಳುತ್ತಿದೆ. ಆದದ್ದಾದರೂ ಏನು? ನನ್ನ ಒಂದನೇ ನಂಬರು ಕುರುಗೋಡಿನಲ್ಲಿ ವಿನಯದಿಂದ ಪಕ್ಕಕ್ಕೆ ಸರಿದು ನಿಂತಿತು. ನಿನ್ನ ಎರಡನೇ ನಂಬರು ಅದನ್ನು ದಾಟಿ ಸಿರುಗುಪ್ಪದ ಕಡೆ ಹೋಯಿತು. ಜನ ಹೋ ಎಂದರು. ಸಿರುಗುಪ್ಪ ಇನ್ನೊಂದು ಗೇಣು ಇದೆ ಎನ್ನುವಾಗ ನಿಂತಿತು. ನೀನು ಗುಂಡಿ ತಿರುಗಿಸಿದ್ದೇ ತಿರುಗಿಸಿದ್ದು, ಅದು ಕದಲಲಿಲ್ಲ. ದೊಡ್ಡಬಸಪ್ಪನವರ ಮುಖ ಸುಟ್ಟ ಬದನೆಕಾಯಿ. ಆಗ ನಾನು ಮೈಕು ಹಿಡಿದು, "ಪ್ರಯಾಣಿಕರ ಗಮನಕ್ಕೆ. ಎರಡನೇ ನಂಬರಿನ ಗಾಡಿ ನಮ್ಮ ಸಾಬರದು. ನಮಾಜಿಗೆ ನಿಂತಿದೆ. ಮುಗಿಸಿಕೊಂಡು ಹೊರಡಲಿದೆ" ಎನ್ನದೇ ಹೋಗಿದ್ದರೆ ಮರ್ಯಾದೆ ಉಳಿಯುತ್ತಿತ್ತೇ? ರೈಲ್ವೆ ಸಾಹೇಬರು ಚಾಳೀಸು ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ನಿಮ್ಮ ಹತ್ತಿರ ರೈಲು ಆಗಲೇ ಇದೆ, ನಮ್ಮದು ಯಾಕೆ?" ಎಂದು ಹೇಳಿ ಕಾರು ಹತ್ತಿದರು. ನಗುತ್ತ ಹೋದರಲ್ಲ, ಅದೇ ದೊಡ್ಡದು.

ಹಳಿಯ ಹಲಗೆಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದೇನೆ. ಉತ್ತರ ಬರೆ.

ಗವಿಸಿದ್ದಪ್ಪ, ಜ. ಮ್ಯಾ.

*

(ಕಾರ್ಡು)

ಶ್ರೀ ಸ್ಟೇಷನ್ ಮಾಸ್ತರರು,
ನಮಾಜ್ ಹಾಲ್ಟ್, ಸಿರುಗುಪ್ಪ

ಕುರುಗೋಡು, 19 ಸೆಪ್ಟೆಂಬರ್ 1983

ಸನ್ಮಾನ್ಯರೇ,

ಹಿಂದಿನ ಕಾರ್ಡಿಗೆ ಉತ್ತರವಿಲ್ಲ. ಮುಟ್ಟಿಲ್ಲ ಎನ್ನುವ ಹಾಗಿಲ್ಲ. ಪಕ್ಕೀರಪ್ಪ ಮೊನ್ನೆ ಬಳ್ಳಾರಿ ಬಸ್ಸಿನಲ್ಲಿ ಸಿಕ್ಕಿದ್ದ. "ಯಪ್ಪಾ, ನಿನ್ನ ಕಾರ್ಡು ಹೋಟ್ಲಾಗ ಎಲ್ಲಾರ ಮುಂದ ಓದಿದೆ. ನಕ್ಕೋತ ಹೊಟ್ಟಿ ಹುಣ್ಣಾತು. ಹೆಸರು ಬರೀದಿದ್ರೂ ಯಾರಿಗೆ ಅಂತ ಒಬ್ಬರೂ ಕೇಳಲಿಲ್ಲ ನೋಡು, ಸೀದಾ ಒಯ್ದು ಕೊಟ್ಟೆ" ಎಂದ. ಹೆಸರಿಲ್ಲದ ಕಾಗದವೂ ಮುಟ್ಟುವ ಊರು, ಕಮಾಲ್!

ಇನ್ನೊಂದು ಸುದ್ದಿ. ದೊಡ್ಡಬಸಪ್ಪನವರು ಹೋದಲ್ಲೆಲ್ಲ ನನ್ನ ಆ ಮಾತನ್ನು ತಮ್ಮದೆಂಬಂತೆ ಹೇಳಿಕೊಂಡು ನಗಿಸುತ್ತಿದ್ದಾರೆ. ಕೋಣೆಯನ್ನೂ ನಿನಗೇ ಕೊಡುತ್ತಾರಂತೆ. ರೈಲು ನಿಂತರೂ ಅಂಗಡಿ ಬಂತು! ಇದಕ್ಕೆ ಕಾರಣ ಯಾರು? ಬೆನ್ನು ತಟ್ಟಬೇಕಾದವನು ಮುಖ ತಿರುಗಿಸಿಕೊಂಡು ಕೂತರೆ ಹೇಗೆ? ಪೆಟ್ಟಿಗೆಯಲ್ಲಿ ಎಲ್ಲೋ ಬೆಸುಗೆ ಬಿಟ್ಟಿರಬೇಕು, ಅಷ್ಟೇ. ಅದಕ್ಕೆ ನಾನೇನೂ ಸಿಟ್ಟಾಗಿಲ್ಲ. ನೀನು ಯಾಕೆ ಆಗಬೇಕು? ಒಂದು ಮಾತಿಗೆ ಇಷ್ಟು ದೊಡ್ಡ ಮೌನವೇ?

ಗವಿಸಿದ್ದಪ್ಪ

*

ಸಿರುಗುಪ್ಪ
6 ಅಕ್ಟೋಬರ್ 1983

ಶ್ರೀ ಗವಿಸಿದ್ದಪ್ಪನವರಿಗೆ,

ನಿಮ್ಮ ಒಂದನೇ ನಂಬರಿನ ಎಂಜಿನ್ನು ಅವಸರದಲ್ಲಿ ನನ್ನ ಚೀಲದಲ್ಲಿ ಬಂದಿತ್ತು. ಕುರುಗೋಡಿನ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದ್ದೇನೆ. ಇಳಿಸಿಕೊಳ್ಳಿ.

ಕಾರ್ಡು ಬರೆಯಬೇಡಿ.

ಶೇಕ್ಷಾವಲಿ

*

ಬಳ್ಳಾರಿ–ಕುರುಗೋಡು–ಸಿರುಗುಪ್ಪ ರೈಲ್ವೆ
ವಿಚಾರಣಾ ಆಯೋಗದ ವರದಿ
8 ನವೆಂಬರ್ 1983

ಲೇ, ಇಲ್ಲ, ಮಹಾಶಯರೇ,

"ಕಾರ್ಡು ಬರೆಯಬೇಡಿ" ಎಂದಿದ್ದೀರಿ. ಆದ್ದರಿಂದ ಇದನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುತ್ತಿದ್ದೇನೆ. "ಗವಿಸಿದ್ದಪ್ಪನವರಿಗೆ" ಎಂದೂ ಬರೆದಿದ್ದೀರಿ. ಆ "ನವರು" ಯಾರೆಂದು ಮನೆಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ.

ದೀಪಾವಳಿಗೆ ಅವ್ವ ಅಟ್ಟ ಸಾರಿಸಬೇಕೆಂದಳು. ಹಲಗೆಗಳ ಗೋಣಿ ಬಿಚ್ಚಿದೆ. ಸಿರುಗುಪ್ಪದ ಹಲಗೆಯ ತುಂಬ ಇರುವೆ. ಏನೆಂದು ಬಗ್ಗಿ ನೋಡಿದರೆ ಹಳಿಗಳ ಮೇಲೆ ಅಡ್ಡಕ್ಕೆ ಮೂರು ಬಿಳಿ ಪಟ್ಟೆ, ಒಣಗಿ ಕಲ್ಲಾಗಿವೆ. ಅದರ ಸುತ್ತ ಅಂಟಂಟು. ನಾಲಿಗೆಗೆ ಹಚ್ಚಿ ನೋಡಿದೆ. ವಿಭೂತಿ! ಅಂಟು ಯಾವುದು? ಕಾಯಿಯ ನೀರು!

ಆ ದಿನ ಶುರುವಿಗೆ ಮುಂಚೆ ದೊಡ್ಡಬಸಪ್ಪನವರು "ಯಂತ್ರಕ್ಕ ಪೂಜಿ ಇಲ್ಲದ ಹೆಂಗ ಬಿಡಾಕ ಬರ್ತೈತ್ರಿ?" ಎಂದು ತಮ್ಮೂರಿನ ಹಳಿಗೇ ವಿಭೂತಿ ಎಳೆದು, ಹಲಗೆಯ ತುದಿಗೇ ಕಾಯಿ ಒಡೆದರಲ್ಲ, ನೆನಪಿದೆಯೇ? ಸ್ಪಿರಿಟ್ಟು ಹಚ್ಚಿ ತಿಕ್ಕಿದೆ. ಹಳೇ ರೀತಿಯಲ್ಲಿ ಬ್ಯಾಟರಿ ಕಟ್ಟಿ ಒಂದನೇ ನಂಬರಿನಿಂದ ಚಿಪ್ಪು ತಪ್ಪಿಸಿ ಓಡಿಸಿದೆ. ಸಿರುಗುಪ್ಪದ ತನಕ ಗುಡುಗುಡು ಹೋಯಿತು!

ಆದಕಾರಣ ಆಯೋಗದ ತೀರ್ಪು: ಪೆಟ್ಟಿಗೆ ನಿರ್ದೋಷಿ. ಬೆಸುಗೆ ನಿರ್ದೋಷಿ. ಮುಖ್ಯ ವಿದ್ಯುತ್ ಅಧಿಕಾರಿಗಳು ಸಂಪೂರ್ಣ ನಿರ್ದೋಷಿಗಳು. ಒಂದನೇ ಆರೋಪಿ ವಿಭೂತಿ, ಎರಡನೇ ಆರೋಪಿ ತೆಂಗಿನಕಾಯಿ. ಎರಡನೆಯವರನ್ನು ಅದೇ ದಿನ ಸಾರಿಗೆ ಹಾಕಿ ಮುಗಿಸಲಾಗಿದೆ.

ಇಷ್ಟಾದ ಮೇಲಾದರೂ ನಗು ಮಾರಾಯಾ. ಪೆಟ್ಟಿಗೆ ತೆಗೆದುಕೊಂಡು ಬಾ. ಮತ್ತೆ ಓಡಿಸೋಣ. ಅವ್ವ ಹೋಳಿಗೆ ಎತ್ತಿಟ್ಟಿದ್ದಾಳೆ.

ಗವಿ
(ಆಯೋಗದ ಏಕಸದಸ್ಯ)

*

ಸಿರುಗುಪ್ಪ
20 ನವೆಂಬರ್ 1983

ಗವಿ,

ನೀನು ಇರುವೆ ನೋಡಿ ಕಂಡುಹಿಡಿದದ್ದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೇ ಗುಂಡಿ ತಿರುಗಿಸುತ್ತಿದ್ದೆ. ಅಷ್ಟು ಜನರ ಮುಂದೆ ಕೈಗೆ ಬೇರೇನು ಕೆಲಸ ಕೊಡಲಿ?

ದೊಡ್ಡಬಸಪ್ಪನವರು ವಿಭೂತಿಗೆ ಬೆರಳಿಟ್ಟಾಗ ನಾನು ನಿನ್ನ ಕಡೆ ನೋಡಿದೆ. "ಹಳಿಗೆ ಹಚ್ಚಬ್ಯಾಡ್ರಿ, ಹಲಗಿಗೆ ಹಚ್ಚರಿ" ಎಂದರೆ ಸಾಕಿತ್ತು. ನೀನು ಅಂದಿದ್ದರೆ ಅದು ಹಳಿಯ ಮಾತು. ನಾನು ಅಂದಿದ್ದರೆ ಹಳಿಯ ಮಾತಾಗಿ ಉಳಿಯುತ್ತಿತ್ತೇ? ಸಾಬ ಪೂಜೆ ಬೇಡ ಅಂದ ಅಂತ ಆಗುತ್ತಿತ್ತು. ಅದು ನಿನಗೂ ಗೊತ್ತು. ನಿನ್ನ ಹಣೆಯ ಮೇಲೂ ಅದೇ ವಿಭೂತಿ ಇತ್ತು. ದೇವರು ಬಂದರೂ ಮುಟ್ಟಗೊಡುವುದಿಲ್ಲ ಎಂದು ಬರೆದುಕೊಟ್ಟವನು ನೀನೇ. ವಿಭೂತಿಯ ತಟ್ಟೆ ಹಿಡಿದು ನಿಂತವನೂ ನೀನೇ.

ನೀನು ನನ್ನನ್ನು ನೋಡಿ ಕಣ್ಣು ಹೊಡೆದೆ. ಮುಂದೆ ಏನೋ ತಮಾಷೆ ಇದೆ ಎನ್ನುವ ಹಾಗೆ.

ಆ ಮಾತು ಸತ್ಯನಾರಾಯಣಪೇಟೆಯ ಹಾಲಿನಲ್ಲೇ ಸತ್ತಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಬಳ್ಳಾರಿಯವರಿಗೆ ನಾನು ಯಾರು? ನೀನು ಅದನ್ನು ಕಾರ್ಡಿನ ಮೇಲೆ ವಿಳಾಸ ಮಾಡಿ ನನ್ನ ಊರಿಗೆ ಕಳಿಸಿದೆ. ಒಂದು ಸಲ ಅಲ್ಲ, ಎರಡು ಸಲ. ಪಕ್ಕೀರಪ್ಪ ಕೆಟ್ಟವನಲ್ಲ. ಹೋಟೆಲಿನಲ್ಲಿ ಓದಿದ, ಜನ ನಕ್ಕರು, ಆಮೇಲೆ ನಮ್ಮ ಮನೆಯ ಮುಂದೆ ನಿಂತು "ನಮಾಜ್ ಹಾಲ್ಟ್ ಇದ ಏನ್ರೀ?" ಎಂದು ಕೂಗಿದ. ಅಮ್ಮಿ ಒಳಗೆ ನಮಾಜಿನಲ್ಲೇ ಇದ್ದಳು. ಮುಗಿಸಿ ಬಂದು "ಯಾರಪ್ಪ ಅದು, ಏನಂತ ಕೂಗಿದ?" ಎಂದು ಕೇಳಿದಳು. ನಾನು ಏನು ಹೇಳಿದೆ ಎಂದು ನೀನು ಕೇಳಬೇಡ.

ಕೋಣೆ ಸಿಕ್ಕಿದೆ. ಕೀಲಿ ಕೈಗೆ ಕೊಡುವಾಗ ದೊಡ್ಡಬಸಪ್ಪನವರು ಪ್ರೀತಿಯಿಂದಲೇ ಹೇಳಿದರು: "ತಗೋಪ್ಪ ನಮಾಜ್ ರೈಲು, ಚೊಲೋ ನಡೆಸು." ಅಲ್ಲಿದ್ದ ಹಮಾಲರು ನಕ್ಕರು. ಮರುದಿನದಿಂದ ಸಾಲಿ ಹುಡುಗರು ಕೂಗುತ್ತಾರೆ. ಅದರ ಮರುವಾರದಿಂದ ದೊಡ್ಡವರು. ಯಾರೂ ಬೈಯುವುದಿಲ್ಲ, ನೋಡು. ಬೈದರೆ ತಿರುಗಿ ಬೈಯಬಹುದು. ನಗುತ್ತ ಕರೆಯುತ್ತಾರೆ. ರಾರಾವಿಯಿಂದ ಟೇಪ್ ರೆಕಾರ್ಡರ್ ಹೊತ್ತು ಬಂದವನೊಬ್ಬ ನನ್ನ ಮುಂದೆಯೇ ಕೇಳಿದ: "ನಮಾಜ್ ರೈಲಿನ ಅಂಗಡಿ ಎಲ್ಲೈತ್ರಿ?"

ನಾನು ತಿರುಗುವುದಿಲ್ಲ. ಆ ಹೆಸರಿನಿಂದ ಕರೆದರೆ ಇಲ್ಲಿಯ ತನಕ ಒಂದು ಸಲವೂ ತಿರುಗಿಲ್ಲ. ಹೆಸರು ಹಿಡಿದು ಕೂಗುವ ತನಕ ರೇಡಿಯೋದ ಒಳಗೇ ತಲೆ ಇಟ್ಟುಕೊಂಡು ಕೂತಿರುತ್ತೇನೆ. ಕೆಲವರು ಹಾಗೇ ಹೋಗಿಬಿಡುತ್ತಾರೆ. ಹೋಗಲಿ.

ಹೋಳಿಗೆಗೆ ಅವ್ವಗೆ ನಮಸ್ಕಾರ ಹೇಳು.

ಶೇಕ್ಷಾವಲಿ

*

ಕುರುಗೋಡು
11 ಡಿಸೆಂಬರ್ 1983

ಶೇಕ್ಷಾ,

ಈ ಕಾಗದಕ್ಕೆ ಮೇಲೆ ಏನೂ ಬರೆದಿಲ್ಲ. ರೈಲ್ವೆಯ ಹೆಸರು ಬರೆಯಲು ಹೋಗಿ ಹೊಡೆದುಹಾಕಿದೆ.

ನಿನ್ನೆ ಸಿರುಗುಪ್ಪಕ್ಕೆ ಬಂದಿದ್ದೆ. ಮೊದಲು ಮಿಲ್ಲಿಗೆ ಹೋದೆ. ದೊಡ್ಡಬಸಪ್ಪನವರು ಭತ್ತದ ರಾಶಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಕೈಕಟ್ಟಿ ನಿಂತು ಹೇಳಿದೆ, ರೈಲು ನಿಂತದ್ದು ಪೆಟ್ಟಿಗೆಯಿಂದ ಅಲ್ಲ, ಹಳಿಗೆ ಹಚ್ಚಿದ ವಿಭೂತಿಯಿಂದ, ಶೇಕ್ಷಾವಲಿಯ ತಪ್ಪು ಎಳ್ಳಷ್ಟೂ ಇಲ್ಲ, ಅವನನ್ನು ಆ ಹೆಸರಿನಿಂದ ಕರೆಯಬೇಡಿ ಎಂದು.

"ಏನಲೇ, ನಮ್ಮ ಇಬೂತಿಗಿ ದೋಷ ಹಚ್ಚಾಕ ಬಂದೀಯೇನು?" ಎಂದರು. ಅಷ್ಟರಲ್ಲಿ ಅವರೇ ನಕ್ಕುಬಿಟ್ಟರು. "ಭಾಳ ಖದೀಮ ಅದೀಯಪ್ಪ ನೀನು. ಮಖ ನೋಡು, ಕೋರ್ಟಿನಾಗ ಸಾಕ್ಷಿ ಹೇಳಾವನಂಗ ಮಾಡ್ಕೊಂಡು ನಿಂತಾನ! ಅಲ್ರೀ, ಇಬೂತಿ ಹಚ್ಚಿದ್ದಕ್ಕ ರೈಲು ನಿಂತಿತಂತ, ಕೇಳ್ರಿ ಇಲ್ಲಿ!" ಎಂದು ಹಮಾಲರನ್ನೆಲ್ಲ ಕರೆದರು. ಮೂರು ಸಲ ನನ್ನಿಂದ ಹೇಳಿಸಿದರು. ಮೂರು ಸಲವೂ ನಾನು ಹೇಳಿದೆ. ಪ್ರತಿ ಸಲವೂ ಹೆಚ್ಚು ನಕ್ಕರು.

ಅಲ್ಲಿಂದ ಹೋಟೆಲಿಗೆ ಹೋದೆ. ಪಕ್ಕೀರಪ್ಪನೂ ಇದ್ದ. ನಾನು ಎದ್ದು ನಿಂತು, ನನ್ನ ಗೆಳೆಯನ ಹೆಸರು ಶೇಕ್ಷಾವಲಿ, ಅವನ ತಂದೆಯ ಹೆಸರು ಶಾಮೀದಸಾಬ, ಇನ್ನು ಮೇಲೆ ಹಾಗೇ ಕರೆಯಿರಿ ಎಂದು ಕೈಮುಗಿದೆ. ಎಲ್ಲರೂ ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. ಆಯಿತು ಅಂದುಕೊಂಡೆ. ಹಿಂದಿನ ಬೆಂಚಿನಿಂದ ಯಾರೋ "ಮುಂದಿನ ಗಾಡಿ ಎಷ್ಟೊತ್ತಿಗಿರೀ?" ಎಂದರು. ಹೋಟೆಲು ಬಿದ್ದುಹೋಗುವ ಹಾಗೆ ನಗು. ಪಕ್ಕೀರಪ್ಪ ನನ್ನ ಬೆನ್ನು ತಟ್ಟಿ, "ಇಂಥಾ ಹುಡುಗ ಈ ಜಿಲ್ಲಾದಾಗ ಇಲ್ರಿ" ಎಂದ. ನನಗೆ ಚಹಾ ಕೊಡಿಸಿದ. ಕುಡಿದೆ. ಏನು ಮಾಡಲಿ?

ಗವಿ ಮುಖ ಗಂಟು ಹಾಕಿ ಮಾತಾಡಿದರೆ ನಗಬೇಕು ಎಂದು ಜನಕ್ಕೆ ಕಲಿಸಲು ನನಗೆ ಇಷ್ಟು ವರ್ಷ ಹಿಡಿಯಿತು. ಚೆನ್ನಾಗಿ ಕಲಿತಿದ್ದಾರೆ.

ನಿನ್ನ ಅಂಗಡಿಯ ಮುಂದೆ ಬಂದೆ. ನೀನು ರೇಡಿಯೋ ಬಿಚ್ಚಿಕೊಂಡು ಬಗ್ಗಿ ಕೂತಿದ್ದೆ. ಕರೆಯಬೇಕೆಂದುಕೊಂಡೆ. ನೀನು ತಿರುಗದಿದ್ದರೆ ಎಂಬ ಹೆದರಿಕೆಗೆ ಕರೆಯಲಿಲ್ಲ. ಬೋರ್ಡನ್ನು ಬಾಗಿಲ ಪಕ್ಕದ ಗೋಡೆಗೆ ಆನಿಸಿಟ್ಟು ಬಸ್ ಹತ್ತಿದೆ. ಅಕ್ಷರ ನಾನೇ ಬರೆದದ್ದು. ತಮಾಷೆ ಏನೂ ಇಲ್ಲ ಅದರಲ್ಲಿ, ಹತ್ತು ಸಲ ನೋಡಿದ್ದೇನೆ.

ಇನ್ನೇನು ಮಾಡಬೇಕು, ನೀನೇ ಹೇಳು. ಹೇಳಿದ್ದು ಮಾಡುತ್ತೇನೆ.

ಗವಿಸಿದ್ದಪ್ಪ

*

ಸಿರುಗುಪ್ಪ
22 ಜನವರಿ 1984

ಗವಿ,

ಬೋರ್ಡು ತೂಗುಹಾಕಿದ್ದೇನೆ. ಅಕ್ಷರ ಚೆನ್ನಾಗಿವೆ. ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ. ನೀನು ಹೇಳಿದಂತೆಯೇ ಬರೆದಿದ್ದೀ. ಅಮ್ಮಿಗೆ ಓದಲು ಬರುವುದಿಲ್ಲ. ಬಂದು ಕೆಳಗೆ ನಿಂತು, ಯಾವ ಅಕ್ಷರದಿಂದ ಯಾವ ಅಕ್ಷರದ ತನಕ ಅಬ್ಬಾನ ಹೆಸರು ಎಂದು ಕೇಳಿದಳು. ಕೋಲಿನಿಂದ ತೋರಿಸಿದೆ. ತುಸು ಹೊತ್ತು ನಿಂತು ನೋಡಿ ಹೋದಳು.

ಆ ಬೋರ್ಡಿನ ಕೆಳಗೇ ನಿಂತು ಜನ "ನಮಾಜ್ ರೈಲಿನ ಅಂಗಡಿ ಇದ ಹೌದಲ್ರಿ?" ಎಂದು ಕೇಳುತ್ತಾರೆ. ಶಾಮೀದ್ ಯಾರು ಎಂದು ಯಾರೂ ಕೇಳಿಲ್ಲ.

ಏನು ಮಾಡಬೇಕು ಎಂದು ಕೇಳಿದ್ದೀ. ಹೋದ ವಾರ ಕೆಲಸ ಕಡಿಮೆ ಇತ್ತು. ಎರಡನೇ ನಂಬರಿನ ಎಂಜಿನ್ನನ್ನು ಕೆಳಗಿಳಿಸಿ ಅದರ ಮೂರು ತಂತಿ ಬಿಚ್ಚಿ ಬೇರೆ ಕಡೆ ಬೆಸೆದೆ. ತಂದಿಟ್ಟ ಚಹಾ ಆರುವುದರೊಳಗೆ ಮುಗಿಯಿತು. ಮೇಜಿನ ಮೇಲೆ ಒಂದು ತುಂಡು ಹಳಿ ಇಟ್ಟು, ಪೆಟ್ಟಿಗೆಯಿಂದ ಹಳೇ ನಂಬರು ಕೂಗಿಸಿ ನೋಡಿದೆ. ಕದಲಲಿಲ್ಲ. ಎಷ್ಟು ಸಲ ಕೂಗಿಸಿದರೂ ಕದಲಲಿಲ್ಲ. ಅದಕ್ಕೆ ಆ ನಂಬರು ತನ್ನದಾಗಿತ್ತು ಎನ್ನುವುದೇ ನೆನಪಿಲ್ಲ. ಅದನ್ನು ನೋಡುತ್ತ ಕೂತೆ. ಪೆಟ್ಟಿಗೆ, ಎಂಜಿನ್ನು ಎರಡನ್ನೂ ಬ್ರೂಸ್‌ಪೇಟೆಯ ಹಳೇ ಸಾಮಾನಿನವನಿಗೆ ಕೊಟ್ಟುಬಿಡುತ್ತೇನೆ. ಹಳಿ ನಿನ್ನ ಹತ್ತಿರ ಇರಲಿ, ಅಥವಾ ಅವ್ವ ಮೆಣಸಿನಕಾಯಿ ಹಾಕಲಿ.

ಇನ್ನು ಬರೆಯುವುದಿಲ್ಲ, ನೀನೂ ಬರೆಯಬೇಡ. ಆದರೆ ಒಂದನ್ನು ಹೇಳಬೇಕು. ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ, ಅದೇ ಒಂದು ಕೆಟ್ಟ ವಿಷಯ.

ನಿನ್ನೆ ಸಂತೆ. ಅಂಗಡಿ ಮುಚ್ಚಿ ಕಾಯಿಪಲ್ಲೆ ತರಲು ಹೋಗಿದ್ದೆ. ಕೈಯಲ್ಲಿ ಚೀಲ, ಮನಸ್ಸಿನಲ್ಲಿ ಏನೂ ಇರಲಿಲ್ಲ. ಹಿಂದಿನಿಂದ ಯಾರೋ ಕೂಗಿದರು: "ಏ ನಮಾಜ್ ರೈಲು!"

ತಿರುಗಿ ನೋಡಿದೆ.

ಅವನಿಗೆ ಏನೂ ಅನ್ನಿಸಲಿಲ್ಲ. ಕರೆದ, ತಿರುಗಿದೆ, ಅಷ್ಟೇ. "ರೇಡಿಯೋ ಆಗೈತೇನು?" ಎಂದ. "ನಾಳೆ ಬರ್ರಿ" ಎಂದೆ. ಹೋದ.

ನಾನು ಅಲ್ಲೇ ನಿಂತಿದ್ದೆ. ಅಬ್ಬಾ ಒಂದು ಕಾಲಕ್ಕೆ ಶಾಮೀದ್ ಎಂದರೆ ಮಾತ್ರ ತಿರುಗುತ್ತಿದ್ದಿರಬೇಕು. ಜಟಕಾ ಎಂದಾಗ ಮೊದಲ ಸಲ ತಿರುಗಿ ನೋಡಿದ ದಿನವೊಂದು ಅವರಿಗೂ ಇದ್ದಿರಬೇಕು. ಆ ದಿನವೂ ಕುದುರೆಗೆ ಹುಲ್ಲು ಹಾಕಿ, ಮನೆಗೆ ಬಂದು, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತಿರುತ್ತಾರೆ. ಅಮ್ಮಿಗೆ ಹೇಳಿರಲಿಕ್ಕಿಲ್ಲ.

ನಾನೂ ಹೇಳಲಿಲ್ಲ.

ಶೇಕ್ಷಾವಲಿ
ತಂದೆ ಶಾಮೀದಸಾಬ